ಏಳನೆಯ ಸಾಲಿನ ಹನ್ನೊಂದು ಸಸಿ

ಮೂರನೆಯ ಸಲ ಎಣಿಸಿದಾಗಲೂ ಹನ್ನೊಂದೇ ಇದ್ದವು. ಷಡಕ್ಷರಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಏಳನೆಯ ಸಾಲಿನ ಕೊನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಮಾರ್ಗಶಿರದ ಮಂಜು ಹಳೇಬೀಡಿನ ಕೆರೆಯ ಮೇಲಿಂದ ಎದ್ದು ಅರಣ್ಯ ಇಲಾಖೆಯ ನರ್ಸರಿಯ ಬೇಲಿಯವರೆಗೂ ಬಂದು ನಿಂತಿತ್ತು. ಹದಿನೆಂಟು ಸಾಲು, ಹತ್ತಿರ ಹತ್ತಿರ ಎರಡು ಸಾವಿರ ಸಸಿ. ಯಾವುದೂ ಗೇಣುದ್ದವೂ ಬೆಳೆಯದೆ, ಕಾಮಾಲೆ ಹಿಡಿದವರ ಹಾಗೆ ಹಳದಿಗಟ್ಟಿ, ತುದಿಯಲ್ಲಿ ನೇರಳೆ ಬಣ್ಣಕ್ಕೆ ತಿರುಗಿ, ಇಂದೋ ನಾಳೆಯೋ ಎನ್ನುವಂತಿದ್ದವು. ಅವುಗಳ ನಡುವೆ ಈ ಹನ್ನೊಂದು ಮಾತ್ರ ಕಡುಹಸಿರು. ಒಂದೊಂದು ತೊಟ್ಟಿನಿಂದಲೂ ಮೂರು ಮೂರು ಸೂಜಿಯಂಥ ಎಲೆ ಹೊರಟು, ಎಲೆಯ ತುದಿಗೊಂದು ಮಂಜಿನ ಹನಿ ನಿಂತು, ಯಾರ ಅಪ್ಪಣೆಯನ್ನೂ ಕೇಳದೆ ಬದುಕಿಬಿಟ್ಟಿದ್ದವು. ಕಾರಣ ಷಡಕ್ಷರಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹದಿನೈದು ದಿನದಿಂದ ರಿಜಿಸ್ಟರಿನಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದೇ ಬರೆಯುತ್ತ ಬಂದಿದ್ದ.

“ಇವು ಹನ್ನೊಂದು ಎಂಗೆ ಬದುಕವೋ ನಂಗಂತೂ ತಿಳೀತಿಲ್ಲ ಬುದ್ಧಿ,” ಎಂದ ಗಾರ್ಡು ಲಕ್ಕಪ್ಪ, ಬೇಲಿಯ ಹತ್ತಿರ ಬೀಡಿ ಆರಿಸುತ್ತ. “ನಾಳೀಕೆ ಸಾಹೇಬ್ರು ಬಂದಾಗ ತೋರ್ಸಾಕೆ ಏನೋ ಒಂದು ಆಯ್ತಲ್ಲ, ಬುಡಿ.”

ತೋರಿಸಲು ಏನೋ ಒಂದು ಆಯಿತು, ನಿಜ. ಇಲಾಖೆಯ ಬೆಂಗಳೂರಿನ ಸಾಹೇಬರ ಕಾಗದ ಮೊನ್ನೆಯೇ ಬಂದು ಅವನ ಕೋಟಿನ ಜೇಬಿನಲ್ಲಿತ್ತು. ನಾಳೆ ಬೆಳಗಿನ ರೈಲಿಗೆ ಅರಸೀಕೆರೆಯಲ್ಲಿಳಿದು ಹತ್ತು ಗಂಟೆಗೆ ಮೋಟಾರಿನಲ್ಲಿ ಬರುತ್ತಾರೆ. ಬದುಕಿರುವ ಹನ್ನೊಂದು ಸಸಿಗಳನ್ನು ಬೇರುಮಣ್ಣಿನ ಸಮೇತ ಕಿತ್ತು ಬೆಂಗಳೂರಿಗೆ ಕಳುಹಿಸತಕ್ಕದ್ದು, ಮಿಕ್ಕ ಸಸಿಮಡಿಗಳನ್ನು ಅಗೆದು ಮುಚ್ಚತಕ್ಕದ್ದು. ಹೆಚ್ಚಿಗೆ ಒಂದು ಸಾಲು: ‘ನಿಮ್ಮ ಶ್ರದ್ಧೆಯನ್ನು ಗಮನಿಸಲಾಗಿದೆ.’ ಆ ಸಾಲನ್ನು ಅವನು ಎರಡು ದಿನದಲ್ಲಿ ಎಷ್ಟು ಸಲ ಓದಿದ್ದನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ಸಂತೋಷವಾಗುತ್ತಿತ್ತು, ಸಂತೋಷವಾದ ಮರುಕ್ಷಣವೇ ಕಾಗದವನ್ನು ಮಡಿಸಿ ಜೇಬಿಗಿಡುತ್ತಿದ್ದ.

ಎರಡು ವರ್ಷದ ಕೆಳಗೆ ಅಮೇರಿಕದಿಂದ ಬೀಜ ಬಂದಾಗ ಇಡೀ ಆಫೀಸಿನಲ್ಲಿ ಅವನಷ್ಟು ಹಿಗ್ಗಿದವರು ಯಾರೂ ಇರಲಿಲ್ಲ. ಮೊಹರು ಹಾಕಿದ ತಗಡಿನ ಡಬ್ಬಿ. ಬಿಚ್ಚಿದರೆ ಒಂದೊಂದು ಬೀಜಕ್ಕೂ ಒಂದೊಂದು ರೆಕ್ಕೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಲಾಬ್ಲಾಲಿ ಪೈನ್ ಎಂದು ಅದರ ಹೆಸರು. ಜೊತೆಗೆ ಬಂದ ಬುಲೆಟಿನ್ನನ್ನು ಅವನು ಬೇಲೂರಿನ ಬಾಡಿಗೆ ಕೋಣೆಯಲ್ಲಿ ನಿಘಂಟು ಪಕ್ಕಕ್ಕಿಟ್ಟುಕೊಂಡು, ಪುರಾಣ ಓದುವವರಂತೆ ಓದಿದ್ದ. ಹತ್ತಿ ಬೆಳೆದು ಬೆಳೆದು ಸಾರ ಹೀರಿ ಜನ ಕೈಬಿಟ್ಟುಹೋದ ಹೊಲಗಳಲ್ಲಿ ಈ ಮರ ತಾನಾಗಿಯೇ ಏಳುತ್ತದಂತೆ. ಇಪ್ಪತ್ತು ವರ್ಷಕ್ಕೆ ಅರವತ್ತು ಅಡಿ. ಕಾಂಡಕ್ಕೆ ಗಾಯ ಮಾಡಿದರೆ ರಾಳ, ರಾಳದಿಂದ ಟರ್ಪೆಂಟೈನು. ಸೀಳಿದರೆ ತೊಲೆ, ಹಲಗೆ. ಅರೆದು ಬೇಯಿಸಿದರೆ ಕಾಗದ. ಅಲ್ಲಿಗೆ ಬಂದಾಗ ಅವನು ಓದುವುದನ್ನು ನಿಲ್ಲಿಸಿ ಬುಲೆಟಿನ್ನಿನ ಹಾಳೆಯನ್ನು ಬೆರಳಿನಿಂದ ಸವರಿದ್ದ. ಈ ಹಾಳೆಯೇ ಆ ಮರವಿರಬಹುದು, ಮರ ತನ್ನ ಕಥೆಯನ್ನು ತನ್ನ ಮೈಮೇಲೆ ಹೊತ್ತುಕೊಂಡು ಸಮುದ್ರ ದಾಟಿ ನನ್ನ ಹತ್ತಿರ ಬಂದಿರಬಹುದು ಎಂದುಕೊಂಡಾಗ ಮೈ ಜುಂ ಎಂದಿತ್ತು. ಅರಸೀಕೆರೆಯ ಕೊಬ್ಬರಿ ಮಂಡಿಯ ವಾಸನೆಯಲ್ಲಿ ಬೆಳೆದ ತಾನು, ತೆಂಗಿನ ತೋಟದ ಮುದ್ದಪ್ಪನ ಮಗ, ಇಂಥದೊಂದು ಮರಕ್ಕೆ ಈ ಸೀಮೆಯಲ್ಲಿ ಮೊದಲು ನೀರೆರೆಯುವವನಾಗುತ್ತೇನೆ ಎಂದು ಆ ದಿನ ಊಟವೂ ಸೇರಿರಲಿಲ್ಲ.

ಆ ಭಕ್ತಿಯೇ ಮುಳುವಾಯಿತೇನೋ. ಒಂದು ಕೊಳೆ, ಒಂದು ರೋಗ ಸೋಕಬಾರದು ಎಂದು ಮಣ್ಣನ್ನು ಜರಡಿ ಹಿಡಿಸಿದ. ಜರಡಿ ಹಿಡಿಸಿದ್ದು ಸಾಲದೆ ಕಬ್ಬಿಣದ ತಗಡಿನ ಮೇಲೆ ಹಾಕಿ, ಕೆಳಗೆ ಬೆಂಕಿ ಮಾಡಿ, ಕಡಲೆಕಾಯಿ ಹುರಿದಂತೆ ಹುರಿಸಿದ. ಹಳೇಬೀಡಿನ ಜನ ಬೇಲಿಯಾಚೆ ನಿಂತು ನೋಡಿ ನಕ್ಕರು. ಮಣ್ಣು ಹುರಿಯೋ ಬುದ್ಧೇರು ಎಂದು ಅವನಿಗೆ ಹೆಸರಾಯಿತು. ಆಳುಗಳಿಗೆ ತಿಳಿಯಲೆಂದು ಬುಲೆಟಿನ್ನಿನ ಹದಿನಾಲ್ಕು ಸೂಚನೆಗಳನ್ನು ಅವನೇ ಕನ್ನಡಕ್ಕೆ ತಂದು ಶೆಡ್ಡಿನ ಗೋಡೆಗೆ ಅಂಟಿಸಿದ್ದ. ಹದಿನಾಲ್ಕು ಅಲ್ಲ, ಹದಿಮೂರು. ಒಂಬತ್ತನೆಯದನ್ನು ಬಿಟ್ಟಿದ್ದ. ಹಿಂದೆ ಪೈನ್ ಬೆಳೆಯದ ನೆಲವಾದರೆ, ಬೆಳೆದ ಪೈನ್ ಮರದ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಮಡಿಗೆ ಬೆರೆಸತಕ್ಕದ್ದು: ಇಷ್ಟೇ ಇತ್ತು ಅದರಲ್ಲಿ, ಯಾಕೆ ಎಂದು ಕೂಡ ಇರಲಿಲ್ಲ. ಅಷ್ಟೆಲ್ಲ ಅಂಕಿ ಅಂಶ ಬರೆದ ಬಿಳಿಯರ ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಅಪ್ಪನ ದನಿ ಕೇಳಿಸಿದಂತಾಗಿ ಅವನ ಕಿವಿ ಬಿಸಿಯಾಗಿತ್ತು. ಅಪ್ಪ ತೆಂಗಿನ ಗುಂಡಿಯ ಅಂಚಿನಲ್ಲಿ ನಿಂತು, “ತಾಯಿಮರದ ಬುಡದಿಂದ ಒಂದು ಬೊಗಸೆ ಮಣ್ಣು ತಾರ್ಲಾ, ಕೂಸು ಒಂಟಿ ಆಗ್ಬಾರ್ದು,” ಎಂದು ಕೂಗುತ್ತಿದ್ದ. ತಾನು ಬೊಗಸೆಯಲ್ಲಿ ಮಣ್ಣು ಹಿಡಿದು ಓಡುವಾಗ ರಸ್ತೆಯಲ್ಲಿ ಹೈಸ್ಕೂಲಿನ ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಅವರಲ್ಲೊಬ್ಬ, “ಏನೋ ಷಡಕ್ಷರಿ, ಮರಕ್ಕೆ ಬಾಣಂತನವೇನೋ?” ಎಂದಿದ್ದ. ಆ ನಗುವನ್ನು ಅವನು ಹದಿನೈದು ವರ್ಷ ಹೊತ್ತುಕೊಂಡೇ ತಿರುಗಿದ್ದ. ಕನ್ನಡಕ್ಕೆ ತರುವಾಗ ಒಂಬತ್ತನೆಯ ಸೂಚನೆ ತಾನಾಗಿ ಕೈಬಿಟ್ಟುಹೋಯಿತು.

ಮಂಜು ಕರಗಿತು. ಲಕ್ಕಪ್ಪ ನೀರು ತರಲು ಹೋದ. ಷಡಕ್ಷರಪ್ಪ ಸುತ್ತ ನೋಡಿ, ಕಳ್ಳತನ ಮಾಡುವವನಂತೆ, ಹನ್ನೊಂದರಲ್ಲಿ ಒಂದು ಸಸಿಯ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿದ. ಇಷ್ಟು ದಿನ ಇದನ್ನು ಮಾಡಲು ಧೈರ್ಯ ಬಂದಿರಲಿಲ್ಲ. ಮೊದಲು ಪಕ್ಕದ ಹಳದಿ ಸಸಿಯ ಬೇರನ್ನು ನೋಡಿದ್ದ. ಅದು ಬರಿಯ ದಾರದಂತೆ ಬೋಳಾಗಿತ್ತು. ಇದರ ಬೇರು ಹಾಗಿರಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದ. ಬೇರಿನ ತುದಿಗಳೆಲ್ಲ ಗಿಡ್ಡಗೆ, ದಪ್ಪಗೆ, ಎರಡೆರಡಾಗಿ ಕವಲೊಡೆದಿದ್ದವು. ಒಂದೊಂದು ಕವಲಿಗೂ ಬಿಳಿಯ ಬೂಷ್ಟು ಅಂಗಿ ತೊಡಿಸಿದಂತೆ ಸುತ್ತಿಕೊಂಡಿತ್ತು. ಬೂಷ್ಟು ಎಂದರೆ ರೋಗ, ಒರೆಸು ಎಂದು ಕಲಿತ ಬುದ್ಧಿ ಹೇಳಿತು. ಬೆರಳು ಮುಂದೆ ಹೋಗಿ ಅಲ್ಲೇ ನಿಂತಿತು. ಆ ಬಿಳುಪಿನಿಂದ ಎಳೆಗಳು ಹೊರಟಿದ್ದವು. ಕೂದಲಿಗಿಂತ ಸಣ್ಣ ಎಳೆಗಳು, ಮಣ್ಣಿನ ಕಣ ಕಣವನ್ನೂ ತಡವಿಕೊಂಡು, ಬಳಪದ ಕಲ್ಲಿನ ಚೂರುಗಳನ್ನು ಬಳಸಿಕೊಂಡು, ಈ ಸಸಿಯಿಂದ ಪಕ್ಕದ ಸಸಿಗೆ, ಅಲ್ಲಿಂದ ಅದರಾಚೆಯದಕ್ಕೆ. ಎರಡು ವರ್ಷ ತಾನು ಅಳತೆಕೋಲು ಹಿಡಿದು ಮಣ್ಣಿನ ಮೇಲಿದ್ದುದನ್ನು ಮಾತ್ರ ಅಳೆದೆ. ಮರ ಮಾಡುವ ಕೆಲಸ ಇಲ್ಲಿ, ಕತ್ತಲಲ್ಲಿ, ಹೆಸರಿಲ್ಲದ ಇನ್ನೊಂದು ಜೀವದ ಜೊತೆ ನಡೆದಿತ್ತು. ಬೀಜಕ್ಕೆ ರೆಕ್ಕೆ ಇತ್ತು, ಅದು ಸಮುದ್ರ ದಾಟಿತು. ಈ ಗೆಳೆಯನಿಗೆ ರೆಕ್ಕೆ ಇರಲಿಲ್ಲ. ಅದು ಮಣ್ಣಿನಲ್ಲೇ ಬರಬೇಕಾಗಿತ್ತು, ಯಾರಾದರೂ ಕೈಯಲ್ಲಿ ಹೊತ್ತು ತರಬೇಕಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು. ಕೈ ಮುಗಿಯಬೇಕೆನಿಸಿತು, ಲಕ್ಕಪ್ಪ ಕೊಡ ಹೊತ್ತು ಬರುತ್ತಿರುವುದು ಕಂಡು ಮುಗಿಯಲಿಲ್ಲ.

ಆ ಮಣ್ಣನ್ನು ಹೊತ್ತು ತಂದವಳು ಗಿಡ್ಡಮ್ಮ. ನರ್ಸರಿಗೆ ನೀರು ಹೊರುತ್ತಿದ್ದ ಹುಲಿಕೆರೆಯ ಹೆಂಗಸು. ಶ್ರಾವಣದಲ್ಲಿ, ಹೋಲಿಸಿ ನೋಡಲೆಂದು ಇಲಾಖೆಯವರು ನೀಲಗಿರಿಯ ಕಡೆಯ ತೋಟವೊಂದರಿಂದ ಇದೇ ಜಾತಿಯ ಎರಡು ದೊಡ್ಡ ಗಿಡಗಳನ್ನು ಕುಂಡದಲ್ಲಿ ತರಿಸಿದ್ದರು. ರೈಲಿನಲ್ಲಿ ಕುಂಡ ಒಡೆದು, ಅರಸೀಕೆರೆ ಸ್ಟೇಷನ್ನಿನಲ್ಲಿ ನಾಲ್ಕು ದಿನ ಬಿಸಿಲಿಗೆ ಬಿದ್ದು, ನರ್ಸರಿ ಸೇರುವಷ್ಟರಲ್ಲಿ ಗಿಡ ಸತ್ತಿದ್ದವು. ಗಿಡ ಸುಡಿ, ಮಣ್ಣನ್ನು ಕೆರೆಗೆ ಎಸೆಯಿರಿ, ಏನು ರೋಗವಿದೆಯೋ ಎಂದು ಅವನು ಹೇಳಿದ್ದ. ಊಟ ಮುಗಿಸಿ ಬಂದು ನೋಡಿದರೆ ಗಿಡ್ಡಮ್ಮ ಏಳನೆಯ ಸಾಲಿನಲ್ಲಿ ಮಂಡಿಯೂರಿ, ಬುಟ್ಟಿಯಿಂದ ಆ ಮಣ್ಣನ್ನು ಚಿಟಿಕೆ ಚಿಟಿಕೆ ತೆಗೆದು ಸಸಿಗಳ ಬುಡಕ್ಕೆ ಹಾಕುತ್ತಿದ್ದಳು. ಹುರಿದು, ಜರಡಿ ಹಿಡಿದು ಪರಿಶುದ್ಧವಾಗಿಟ್ಟಿದ್ದ ಮಡಿಗೆ! “ಕೂಸುಗಳು ಬುದ್ಧಿ, ತಾಯಿ ಮಣ್ಣು ಬ್ಯಾಡ್ವಾ?” ಎಂದಳು, ಎದ್ದು ನಿಲ್ಲದೆಯೇ. ಅಪ್ಪನ ಮಾತು, ಅಪ್ಪನದೇ ದನಿ. ಅವನು ಅವಳ ರಟ್ಟೆ ಹಿಡಿದು ಎಳೆದಿದ್ದ. ಎಲ್ಲ ಆಳುಗಳ ಮುಂದೆ ನಿನ್ನ ಮೌಢ್ಯ ನಿನ್ನ ಮನೆಯಲ್ಲಿಟ್ಟುಕೋ, ನಾಳೆಯಿಂದ ಬರಬೇಡ ಎಂದಿದ್ದ. ಹಾಕಿದ್ದನ್ನು ಅವಳ ಕೈಯಲ್ಲೇ ತೆಗೆಸಿದ್ದ. ಆಕೆ ಅಳಲಿಲ್ಲ. ಬುಟ್ಟಿಯನ್ನು ಕೆರೆಯ ಕಡೆ ಹೊತ್ತೊಯ್ದು, ಬರಿದಾಗಿ ತಂದು ಅಲ್ಲೇ ಬೋರಲು ಹಾಕಿ ಹೋದಳು. ಅವನಿಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು, ಈಗ ಅದೇ ನೆನಪು ನಾಚಿಕೆ ತರುತ್ತಿತ್ತು.

ಮಧ್ಯಾಹ್ನ ಸೈಕಲ್ ಹತ್ತಿ ಹುಲಿಕೆರೆಗೆ ಹೊರಟ. ಏನು ಕೇಳಬೇಕು ಎಂಬುದು ಸ್ಪಷ್ಟವಾಗಿತ್ತು. ನಾಳೆ ಹತ್ತು ಗಂಟೆಯ ನಂತರ ಆ ಹನ್ನೊಂದೂ ತಮ್ಮ ಮಣ್ಣಿನ ಸಮೇತ ಬೆಂಗಳೂರಿಗೆ ಹೋಗುತ್ತವೆ. ಎರಡು ಸಾವಿರವನ್ನು ಅಗೆದು ಮುಚ್ಚುತ್ತಾರೆ. ಅದಕ್ಕೆ ಮೊದಲೇ ಆ ಹನ್ನೊಂದರ ಬುಡದ ಮಣ್ಣನ್ನು ತೆಗೆದು ಎರಡು ಸಾವಿರಕ್ಕೂ ಹಂಚಿಬಿಟ್ಟರೆ? ಬುಡ ಕೆದಕಿದರೆ ಹನ್ನೊಂದೂ ಸಾಯಬಹುದು. ಸತ್ತರೆ ತೋರಿಸಲು ಏನೂ ಇಲ್ಲ. ಶ್ರದ್ಧೆಯೂ ಇಲ್ಲ, ಕೆಲಸವೂ ಇಲ್ಲ. ಅವಳು ಎಷ್ಟು ಹಾಕಿದಳು, ಎಷ್ಟು ಆಳಕ್ಕೆ, ಎಂಬುದು ಅವಳ ಬೆರಳಿಗೆ ಮಾತ್ರ ಗೊತ್ತು. ಬುಟ್ಟಿಯಲ್ಲಿ ಉಳಿದಿದ್ದ ಮಣ್ಣನ್ನು ಎಲ್ಲಾದರೂ ಎತ್ತಿಟ್ಟಿರಬಹುದೇ ಎಂಬ ಆಸೆಯೂ ಇತ್ತು. ಊರ ಮುಂದಿನ ಕೊಳದ ಹತ್ತಿರ ಇಳಿದ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. “ಮಣ್ಣು ಹುರಿಯೋರು ಬಂದವ್ರೆ ಕಣೇ,” ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕೊಳದ ಕಲ್ಲಿಗೆ ಬಡಿದು ದೊಡ್ಡದಾಗಿ ಕೇಳಿಸಿತು. ಗಿಡ್ಡಮ್ಮನ ಮನೆ ಕೇಳಿದ್ದಕ್ಕೆ ಕಣದ ಕಡೆ ಕೈ ತೋರಿಸಿದರು.

ಅವಳು ರಾಗಿ ತೂರುತ್ತಿದ್ದಳು. ಅವನನ್ನು ಕಂಡೊಡನೆ ಮೊರ ಕೆಳಗಿಟ್ಟು, ಸೆರಗಿನಿಂದ ಮುಖದ ಹೊಟ್ಟು ಒರೆಸಿಕೊಂಡಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು ಅವನು, “ಗಿಡ್ಡಮ್ಮ, ಅವತ್ತು ನೀನು ಹಾಕಿದ ಮಣ್ಣು...” ಎಂದ.

“ತೆಗುದ್ನಲ್ಲಾ ಬುದ್ಧಿ!” ಎಂದಳು ಅವಳು ಗಾಬರಿಯಿಂದ. “ನಿಮ್ಮ ಮುಂದೇನೇ ತೆಗುದ್ನಲ್ಲ. ಬೆರಳಿಗೆ ಸಿಕ್ಕಿದ್ದಷ್ಟೂ ತೆಗುದೆ. ಬುಟ್ಟೀಲಿದ್ದುದ್ದ ಕೆರೇಗೆ ಸುರುದೆ, ಒಂದು ಹುಡಿ ಉಳುಸ್ಕೊಂಡಿಲ್ಲ. ಏನಾಯ್ತು? ಸಸಿ ಕೆಟ್ಟೋದ್ವಾ?”

ತಪ್ಪು ಹೊರಿಸಲು ಬಂದಿದ್ದೇನೆ ಎಂದು ಅವಳು ತಿಳಿದಿದ್ದಳು. ನಾಲ್ಕು ತಿಂಗಳ ಮೇಲೆ ಬಿಸಿಲಲ್ಲಿ ಬಂದು ನಿಂತ ಗಂಡಸು ಇನ್ನೇನಕ್ಕೆ ಬಂದಾನು? ಷಡಕ್ಷರಪ್ಪನಿಗೆ ತನ್ನ ಕೋಟು, ಪೇಟ, ಕಿವಿಯ ಪೆನ್ಸಿಲು ಎಲ್ಲವೂ ಅಸಹ್ಯವೆನಿಸಿತು. “ಕೆಟ್ಟಿಲ್ಲ,” ಎಂದ. “ಅವಷ್ಟೇ ಬದುಕಿರೋದು. ಮಿಕ್ಕವೆಲ್ಲ ಸಾಯ್ತಿವೆ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಎಷ್ಟವೆ?”

“ಹನ್ನೊಂದು.”

“ಹನ್ನೊಂದಕ್ಕೇ ಹಾಕಿದ್ದು,” ಎಂದಳು ಗಿಡ್ಡಮ್ಮ. “ಹನ್ನೆರಡನೇದಕ್ಕೆ ನೀವು ಬಂದ್ರಿ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅಷ್ಟೇ ನಡೆದದ್ದು, ಅಷ್ಟನ್ನೇ ಹೇಳಿದಳು. ಅವನು ಕಣದ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟ. ಅವಳು ನೀರು ತಂದು ಕೊಟ್ಟಳು, ಕುಡಿದ. ಬೂಷ್ಟಿನ ವಿಷಯ ಹೇಳಿದ, ಬೇರಿನಿಂದ ಬೇರಿಗೆ ಹೋದ ಎಳೆಗಳ ವಿಷಯ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿ ತಗ್ಗಿತು. ಕೈಯೆಲ್ಲ ಆಡಿಸಿ ಹೇಳಿದ್ದನ್ನು ಅವಳು ತಲೆದೂಗುತ್ತ ಕೇಳಿದಳು, ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ನಮ್ಮವ್ವ ಬದನೆ ಪೈರಿಗೂ ಹಂಗೇ ಹಾಕೋಳು, ಒಳಗೆ ಏನೈತೆ ಅಂತ ಯಾರು ನೋಡ್ದೋರು ಎಂದಳು. ನಾಳೆ ಸಾಹೇಬರು ಬರುವ ಮೊದಲೇ ಆ ಹನ್ನೊಂದರ ಮಣ್ಣನ್ನು ಮಿಕ್ಕ ಸಸಿಗಳಿಗೂ ಹಂಚಬೇಕು ಎಂದು ಅವನು ಹೇಳಿದಾಗ ಅವಳು ಕೇಳಿದಳು, “ಬುಡ ಕೆದುಕ್ತೀರಲ್ಲ, ಹನ್ನೊಂದೂ ಒಣಗೋದ್ರೆ?”

“ಹೋಗಬಹುದು.”

“ನಿಮ್ಗೆ ಸಾಹೇಬ್ರು ಏನೂ ಅನ್ನಲ್ವಾ?”

ಅವನು ಕಿವಿಯ ಪೆನ್ಸಿಲು ತೆಗೆದು ಜೇಬಿಗೆ ಹಾಕಿಕೊಂಡ. ಅವಳು ಮೊರ ಎತ್ತಿಕೊಂಡು, “ಬಿಸ್ಲು ಬರೋಕ್ಮುಂಚೆ ಆಗ್ಬೇಕು. ಬೆಳಗಾನೆ ಬತ್ತೀನಿ,” ಎಂದಳು.

ಮಾರನೆಯ ದಿನ ಮಂಜಿನಲ್ಲೇ ಬಂದಳು. ಲಕ್ಕಪ್ಪ ಬೇಲಿಯ ಹತ್ತಿರ ಕಣ್ಣುಜ್ಜಿಕೊಳ್ಳುತ್ತ, ಏನು ನಡೆಯುತ್ತಿದೆ ಎಂದು ತಿಳಿಯದೆ ನಿಂತ. ಗಿಡ್ಡಮ್ಮ ಹನ್ನೊಂದು ಸಸಿಗಳ ಬಳಿ ಕೂತು, ಒಂದೊಂದರ ಬುಡದಲ್ಲೂ ಒಂದೇ ಮಗ್ಗುಲಿನ ಮಣ್ಣನ್ನು, ಇನ್ನೊಂದು ಮಗ್ಗುಲಿನ ಬೇರು ಮಿಸುಕದಂತೆ, ಬೆರಳಿನಿಂದ ಬಿಡಿಸಿ ಒದ್ದೆ ಗೋಣಿಯ ಮೇಲೆ ಹಾಕಿದಳು. ಅವನು ಪಕ್ಕದಲ್ಲಿ ನಿಂತು ಅಳತೆಕೋಲು ಹಿಡಿದು ಎಷ್ಟು ಅಂಗುಲ ಆಳ ಎಂದು ಬರೆದುಕೊಳ್ಳಲು ಹೊರಟ. ಅವಳು ಆ ಕಡೆ ನೋಡದೆಯೇ, “ಕೋಲು ಬುಟ್ಟು ಕೂತ್ಕಳಿ ಬುದ್ಧಿ, ಒಬ್ಳ ಕೈಲಿ ಆಗಾಕಿಲ್ಲ,” ಎಂದಳು. ಅವನು ಕೋಟು ಬಿಚ್ಚಿ ಬೇಲಿಗೆ ಹಾಕಿ ಮಂಡಿಯೂರಿದ. ಎರಡು ವರ್ಷದಲ್ಲಿ ಈ ಮಣ್ಣನ್ನು ಬರಿಯ ಕೈಯಲ್ಲಿ ಮುಟ್ಟಿದ್ದು ನಿನ್ನೆ, ಇವತ್ತು. ತಣ್ಣಗಿತ್ತು, ಅಣಬೆಯ ವಾಸನೆ ಬರುತ್ತಿತ್ತು. ಬೆರಳಿನ ಗಾತ್ರದ ಒಂದು ತೂತು, ಅದರಲ್ಲೊಂದು ಚಿಟಿಕೆ, ಮೇಲೆ ಒತ್ತಿ ಮುಚ್ಚುವುದು. ಹೀಗೆ ಒಂದು, ಎರಡು, ನೂರು. ಒಂದು ಚಿಟಿಕೆಯೊಳಗೆ ಒಂದು ಕಾಡು ಇದೆ ಎಂಬುದು ಅವನ ಬೆರಳಿಗೆ ತಿಳಿಯುತ್ತಿತ್ತು, ತಲೆಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಸಾಲು ಮುಗಿದದ್ದು, ಇನ್ನೊಂದು ಶುರುವಾದದ್ದು, ಮಂಜು ಹರಿದು ಬೆನ್ನಿಗೆ ಬಿಸಿಲು ತಾಗಿದ್ದು, ಯಾವುದೂ ಅವನ ಗಮನಕ್ಕೆ ಬರಲಿಲ್ಲ. ಮೋಟಾರಿನ ಸದ್ದು ಕೂಡ ಕೇಳಿಸಲಿಲ್ಲ.

“ಏನ್ರೀ ಷಡಕ್ಷರಪ್ಪ, ಇದೇನು ಅವತಾರ?”

ಎದ್ದ. ಕೈ ಮುಗಿಯಲು ಹೋದರೆ ಕೈ ತುಂಬ ಮಣ್ಣು. ಸಾಹೇಬರು ಹ್ಯಾಟು ಸರಿಮಾಡಿಕೊಂಡು ಹನ್ನೊಂದು ಸಸಿಗಳತ್ತ ನೋಡಿದರು. ಅವುಗಳ ಒಂದು ಮಗ್ಗುಲು ಬಯಲಾಗಿತ್ತು. ಅವರ ಮುಖ ಗಂಟಿಕ್ಕಿತು. “ಇವನ್ನು ಮಣ್ಣಿನ ಸಮೇತ ಕಳಿಸಿ ಅಂತ ಬರೆದಿದ್ದೆನಲ್ಲ. ಕೆದಕು ಅಂತ ನಿಮಗೆ ಯಾರು ಹೇಳಿದರು?” ಷಡಕ್ಷರಪ್ಪ ತೊದಲುತ್ತ ಹೇಳಿದ. ಹೇಳುವುದು ಮುಗಿಯುವ ಮೊದಲೇ ಭೂತಗನ್ನಡಿಯನ್ನು ಅವರ ಮುಂದೆ ಹಿಡಿದ. ಸಾಹೇಬರು ಒಲ್ಲದ ಮನಸ್ಸಿನಿಂದ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಒಂದು ಮಂಡಿ ನೆಲಕ್ಕೆ ಊರಿದರು, ಆಮೇಲೆ ಇನ್ನೊಂದನ್ನು. ಹ್ಯಾಟು ತೆಗೆದು ಪಕ್ಕಕ್ಕಿಟ್ಟರು. ತಗ್ಗಿದ ದನಿಯಲ್ಲಿ, “ಚಿತ್ರದಲ್ಲಿ ನೋಡಿದ್ದೆ, ಅಷ್ಟೆ. ನಮ್ಮ ಮಣ್ಣಿನಲ್ಲಿ ನೋಡುತ್ತೇನೆ ಅಂದುಕೊಂಡಿರಲಿಲ್ಲ,” ಎಂದರು. ತಲೆಯೆತ್ತಿ ಕೇಳಿದರು, “ಯಾರಿಗೆ ಹೊಳೆಯಿತ್ರೀ ಇದು?”

ಷಡಕ್ಷರಪ್ಪ ಬಾಯಿ ತೆರೆಯುವಷ್ಟರಲ್ಲಿ ಗಿಡ್ಡಮ್ಮ ಎದ್ದು ನಿಂತು, ಸೆರಗನ್ನು ತಲೆಯ ಮೇಲೆಳೆದುಕೊಂಡಳು. “ನಮ್ಮ ಬುದ್ಧೇರಿಗೇ ಸೋಮಿ. ಅವ್ರು ಯೋಳ್ದಂಗೆ ನಾನು ಹಾಕ್ದೆ.”

ಅವನು ಅವಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ದೊಡ್ಡವರ ಮುಂದೆ ಹೀಗೇ ಹೇಳಬೇಕು ಎಂದು ಹೇಳಿದಳೋ, ನಿನ್ನೆ ಕಲ್ಲಿನ ಮೇಲೆ ಕುಸಿದು ಕೂತವನನ್ನು ಕಂಡು ಕನಿಕರದಿಂದ ಹೇಳಿದಳೋ ತಿಳಿಯಲಿಲ್ಲ. ಅವನು ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಸಾಹೇಬರ ಮುಖದಲ್ಲಿ ಆಗಲೇ ಮೆಚ್ಚುಗೆ ಮೂಡತೊಡಗಿತ್ತು, ರಿಪೋರ್ಟಿನಲ್ಲಿ ಬರುವ ತನ್ನ ಹೆಸರು ಅವನಿಗೆ ಅಕ್ಷರ ಅಕ್ಷರವಾಗಿ ಕಂಡಿತು. ಅವನಿಗೆ ಅದು ಬೇಕಾಗಿತ್ತು. ಎರಡು ವರ್ಷದಿಂದ ಅದೊಂದೇ ಬೇಕಾಗಿತ್ತು.

“ಅಲ್ಲ ಸಾರ್,” ಎಂದ. “ನಾನು ಹೇಳಿದ್ದು ಎಸೆಯಲು. ಇವರು ಹನ್ನೊಂದಕ್ಕೆ ಹಾಕಿದ್ದರು. ಹನ್ನೆರಡನೆಯದಕ್ಕೆ ಹಾಕುವಾಗ ನಾನು ರಟ್ಟೆ ಹಿಡಿದು ಎಳೆದು ಕೆಲಸದಿಂದ ತೆಗೆದೆ.”

‘ಇವರು’ ಎಂದದ್ದಕ್ಕೆ ಲಕ್ಕಪ್ಪ ಬೇಲಿಯಿಂದ ತಿರುಗಿ ನೋಡಿದ. ಸಾಹೇಬರು ನಿಧಾನವಾಗಿ ಎದ್ದು ಷರಾಯಿಯ ಮಣ್ಣು ಕೊಡವಿಕೊಂಡರು. “ಬುಲೆಟಿನ್ನಿನಲ್ಲಿ ಇದು ಇತ್ತಲ್ರೀ.”

“ಇತ್ತು ಸಾರ್. ಕನ್ನಡಕ್ಕೆ ತರುವಾಗ ನಾನೇ ಬಿಟ್ಟೆ.”

“ಯಾಕೆ?”

“ನಮ್ಮಪ್ಪ ತೆಂಗಿಗೆ ಮಾಡುತ್ತಿದ್ದ ಕೆಲಸದ ಹಾಗೆ ಕಾಣಿಸಿತು. ನಾಚಿಕೆಯಾಯಿತು.”

ಸಾಹೇಬರು ಸಾಲುಗಳ ಉದ್ದಕ್ಕೂ ಒಮ್ಮೆ ನಡೆದು ಬಂದರು. ಹ್ಯಾಟು ಹಾಕಿಕೊಂಡರು. “ಮಡಿ ಮುಚ್ಚುವುದು ಬೇಡ, ಇದ್ದ ಹಾಗೇ ಇರಲಿ,” ಎಂದರು. “ಹನ್ನೊಂದೂ ಇಲ್ಲೇ ಇರಲಿ. ನಿಮ್ಮ ವಿಷಯ ಬೇರೆ, ಷಡಕ್ಷರಪ್ಪ. ಅದನ್ನು ನಾನು ಬರೆಯಲೇಬೇಕಾಗುತ್ತೆ.”

“ಬರೀರಿ ಸಾರ್.”

ಮೋಟಾರು ಹೊರಟುಹೋಯಿತು. ಧೂಳು ಕೂತ ಮೇಲೂ ಅವನು ದಾರಿಯ ಕಡೆಗೇ ನೋಡುತ್ತ ನಿಂತಿದ್ದ. ಗಿಡ್ಡಮ್ಮ ಗೋಣಿಯ ಮೇಲಿನ ಮಣ್ಣಿಗೆ ನೀರು ಚಿಮುಕಿಸಿದಳು.

“ಬಿಸ್ಲು ಏರ್ತಾ ಐತೆ ಬುದ್ಧಿ. ಇನ್ನೂ ಎಂಟು ಸಾಲವೆ. ಕೈ ಕೊಡಿ ಇಲ್ಲಿ.”

ಅವನು ಮಂಡಿಯೂರಿ ಅಂಗೈ ಒಡ್ಡಿದ.